ದಖ್ಖನ್ ಹುಲ್ಲುಬಯಲು

ಪಶ್ಚಿಮ ಘಟ್ಟದ ಮೂಡಲ ಮಗ್ಗುಲಲ್ಲಿ, ಮಳೆಯ ನೆರಳಿಗೆ ಬಿದ್ದ ಪ್ರಸ್ಥಭೂಮಿಯ ಮೇಲೆ ಹರಡಿರುವ ಜೀವಿವಲಯ. ಇಲ್ಲಿ ನೆಲದ ಒಡೆತನ ಹುಲ್ಲಿನದು. ಜಾಲಿ, ಬನ್ನಿ, ಬಾರಿ, ಕಮರದಂಥ ಮರಗಳು ಅಲ್ಲೊಂದು ಇಲ್ಲೊಂದು ನಿಂತಿರುತ್ತವೆ. ನಡುವೆ ಕಾರೆ, ಕವಳೆ, ತಂಗಡಿಯ ಕುರುಚಲು. ಮಹಾರಾಷ್ಟ್ರದ ಸೊಲ್ಲಾಪುರದ ಕಡೆಯಿಂದ ಆರಂಭಿಸಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಬಳ್ಳಾರಿ, ಹಾವೇರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಆಂಧ್ರದ ಕರ್ನೂಲು, ಅನಂತಪುರ, ಕಡಪದವರೆಗೆ ಇದು ಚೂರುಚೂರಾಗಿ ಉಳಿದುಕೊಂಡಿದೆ. ಜಗತ್ತಿನ ಜೀವಿವಲಯಗಳ ವರ್ಗೀಕರಣದಲ್ಲಿ ಇದರ ಸ್ಥಾನ ಉಷ್ಣವಲಯದ ಸವಾನಾ. ಸವಾನಾ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಆಫ್ರಿಕದ ಸೆರೆಂಗೆಟಿ. ಚಳ್ಳಕೆರೆಯ ಹೊರವಲಯದಲ್ಲಿ ನಿಂತಾಗ ನಾವು ನೋಡುತ್ತಿರುವುದೂ ಅದೇ ಕುಲದ ನೆಲವೆಂದು ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ನೆಲಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಹಳೆ ಮೈಸೂರಿನಲ್ಲಿ ಕಾವಲು, ಗೋಮಾಳ. ಬೆಳಗಾವಿ, ವಿಜಯಪುರದ ಕಡೆ ಗಾಯರಾಣ. ಕಂದಾಯದ ಕಡತದಲ್ಲಿ ಹುಲ್ಲುಬನ್ನಿ, ಖರಾಬು. ಶರಣರು ತಾವು ಮುಟ್ಟಬಯಸಿದ ಅತ್ಯುನ್ನತ ಸ್ಥಿತಿಗೆ ‘ಬಯಲು’ ಎಂಬ ಮಾತನ್ನು ಆರಿಸಿಕೊಂಡರು. ಅದೇ ಬಯಲನ್ನು ಬ್ರಿಟಿಷರ ಕಾಲದಿಂದ ಬಂದ ಭೂದಾಖಲೆ ಪಾಳು ಎಂದು ಬರೆದಿಟ್ಟಿತು. ಈ ಲೇಖನದಲ್ಲಿ ಮುಂದೆ ಬರುವ ಬಹುಪಾಲು ನಷ್ಟಗಳ ಬೇರು ಈ ಎರಡನೆಯ ಹೆಸರಿನಲ್ಲಿದೆ.

ಮಳೆ ಮತ್ತು ಮಣ್ಣು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಕೂಡ ಆಗುವುದಿಲ್ಲ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟವನ್ನು ಏರುವಾಗಲೇ ಬಸಿದುಹೋಗಿರುತ್ತದೆ. ಇಳಿದು ಬರುವ ಗಾಳಿ ಬಿಸಿಯಾಗಿ, ಒಣಗಿ ಬರುತ್ತದೆ. ಬಯಲುಸೀಮೆಯ ಮಳೆಯಲ್ಲಿ ದೊಡ್ಡ ಪಾಲು ಮುಂಗಾರಿನದು, ಆದರೆ ಹಿಂಗಾರಿಗೂ ಪಾಲಿದೆ, ಎರೆನೆಲದ ಜೋಳ, ಕಡಲೆ ನಿಂತಿರುವುದೇ ಹಿಂಗಾರಿನ ಮೇಲೆ. ವಾರ್ಷಿಕ ಸರಾಸರಿ ಸುಮಾರು 400ರಿಂದ 750 ಮಿಲಿಮೀಟರ್. ಆದರೆ ಇಲ್ಲಿ ಸರಾಸರಿಯನ್ನು ನಂಬಿ ಬದುಕಲಾಗದು. ಒಂದು ವರ್ಷ ರೋಹಿಣಿ ಕೈಹಿಡಿದರೆ ಇನ್ನೊಂದು ವರ್ಷ ಹಸ್ತ, ಚಿತ್ತೆಯವರೆಗೂ ಆಕಾಶ ಬೆಳ್ಳಗೇ ಇರುತ್ತದೆ. ಈ ಅನಿಶ್ಚಯವೇ ಇಲ್ಲಿನ ಹವಾಗುಣದ ಮುಖ್ಯ ಲಕ್ಷಣ. ಇಲ್ಲಿನ ಗಿಡ, ಪ್ರಾಣಿ, ಮನುಷ್ಯ ಎಲ್ಲರೂ ಅದಕ್ಕೆ ತಕ್ಕಂತೆ ಬದುಕು ಕಟ್ಟಿಕೊಂಡಿದ್ದಾರೆ.

ನೆಲದಡಿಯ ಬಂಡೆ ಬಹಳ ಹಳೆಯದು. ದಕ್ಷಿಣದ ನೈಸ್ ಶಿಲೆಯ ಕೆಲವು ಭಾಗಗಳಿಗೆ 300 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಅದು ಸವೆದು ಕೊಟ್ಟದ್ದು ಗರಸು ಬೆರೆತ ಕೆಂಪು ಮಸಾರಿ. ಉತ್ತರದಲ್ಲಿ, ವಿಜಯಪುರದಿಂದ ಬೀದರಿನವರೆಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಬಸಾಲ್ಟ್ ಇದೆ. ಅದರ ಮಗು ಎರೆಮಣ್ಣು. ಮಸಾರಿಯಲ್ಲಿ ನೀರು ನಿಲ್ಲುವುದಿಲ್ಲ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಆ ಬಿರುಕಿನಲ್ಲಿ ಮರದ ಎಳೆಯ ಬೇರು ಹರಿದುಹೋಗುತ್ತದೆ. ಎರಡು ಕಡೆಯೂ ಮರಕ್ಕೆ ಕಷ್ಟ, ಹುಲ್ಲಿಗೆ ಸಲೀಸು.

ಹುಲ್ಲಿನ ಜಾಣ್ಮೆ

ಇಲ್ಲಿನ ಹುಲ್ಲುಗಳಲ್ಲಿ ಹೆಚ್ಚಿನವು ಸಿ4 ಎಂಬ ದ್ಯುತಿಸಂಶ್ಲೇಷಣೆಯ ದಾರಿ ಹಿಡಿದವು. ಸಾಮಾನ್ಯ ಗಿಡ ಬಿಸಿಲಿನ ಝಳದಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಾಗ ಇಂಗಾಲದ ಡೈಆಕ್ಸೈಡ್ ಸಾಲದೆ ಅದರ ಆಹಾರ ತಯಾರಿಕೆ ಕುಂಟುತ್ತದೆ. ಸಿ4 ಹುಲ್ಲು ಆ ಅನಿಲವನ್ನು ಮೊದಲು ಒಂದು ಬಗೆಯ ಜೀವಕೋಶದಲ್ಲಿ ಹಿಡಿದು, ಒಳಗಿನ ಇನ್ನೊಂದು ಬಗೆಯ ಜೀವಕೋಶಕ್ಕೆ ಒತ್ತರಿಸಿ ತುಂಬುತ್ತದೆ. ಹೀಗಾಗಿ ರಂಧ್ರ ಅರೆತೆರೆದಿದ್ದರೂ ಕೆಲಸ ನಿಲ್ಲುವುದಿಲ್ಲ, ನೀರೂ ಉಳಿಯುತ್ತದೆ. ಭೂಮಿಯ ಮೇಲೆ ಸಿ4 ಹುಲ್ಲುಗಳು ದೊಡ್ಡ ಪ್ರಮಾಣದಲ್ಲಿ ಹರಡಿದ್ದು ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ, ಮನುಷ್ಯ ಕೊಡಲಿ ಹಿಡಿಯುವುದಕ್ಕೆ ಬಹಳ ಮೊದಲು. ನಮ್ಮ ಜೋಳ, ಸಜ್ಜೆ, ರಾಗಿ, ನವಣೆ ಎಲ್ಲವೂ ಸಿ4 ಹುಲ್ಲುಗಳೇ. ಬಯಲುಸೀಮೆಯ ರೊಟ್ಟಿ, ಮುದ್ದೆ ಹುಟ್ಟಿದ್ದು ಈ ಸವಾನಾದ ಬಂಧುಗಳಿಂದ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2016ರಲ್ಲಿ ಏಷ್ಯದ ಸವಾನಾಗಳ ಪ್ರಾಚೀನತೆಯನ್ನು ಕುರಿತು ಪ್ರಕಟಿಸಿದ ಪ್ರಬಂಧ ಒತ್ತಿ ಹೇಳಿದ್ದು ಇದನ್ನೇ: ಇವು ಕಾಡು ಕಡಿದು ಹಾಳಾಗಿ ಉಳಿದ ನೆಲಗಳಲ್ಲ, ತಮ್ಮದೇ ಇತಿಹಾಸವುಳ್ಳ ಪರಿಸರಗಳು. ಕಾಡಿನ ಗಿಡಕ್ಕೂ ಬಯಲಿನ ಗಿಡಕ್ಕೂ ಇರುವ ವ್ಯತ್ಯಾಸ ಮೈಕಟ್ಟಿನಲ್ಲೇ ಕಾಣುತ್ತದೆ. ಬಯಲಿನ ಮರಗಳ ತೊಗಟೆ ದಪ್ಪ. ಬೆಂಕಿ ಹಾದುಹೋದ ಮೇಲೆ ಬುಡದಿಂದ ಮತ್ತೆ ಚಿಗುರುತ್ತವೆ. ಹುಲ್ಲಿನ ಬೆಳೆಯುವ ಕಣ್ಣು ನೆಲಕ್ಕೆ ಅಂಟಿಕೊಂಡಿರುತ್ತದೆ, ದನ ಮೇದರೂ ಬೆಂಕಿ ಸುಟ್ಟರೂ ಅದಕ್ಕೆ ಏಟು ಬೀಳುವುದಿಲ್ಲ. ಮೇಯುವುದನ್ನು ಪೂರ್ತಿ ನಿಲ್ಲಿಸಿದರೆ ಹಳೆಯ ಒಣಹುಲ್ಲು ಬಿಸಿಲನ್ನು ತಡೆದು ಹೊಸ ಚಿಗುರು ಸೊರಗುತ್ತದೆ. ವಿಪರೀತ ಮೇಯಿಸಿದರೆ ಬಹುವಾರ್ಷಿಕ ಹುಲ್ಲು ಸತ್ತು ಊಬಿನ ಹುಲ್ಲು, ಹಂಚಿ ಮಾತ್ರ ಉಳಿಯುತ್ತವೆ. ಬಯಲಿನ ಆರೋಗ್ಯ ಈ ಎರಡರ ನಡುವೆ ಎಲ್ಲೋ ಇದೆ. ಅದನ್ನು ಕಣ್ಣಳತೆಯಲ್ಲಿ ಬಲ್ಲವರು ಕುರಿಗಾರರು.

ನೆಲದ ಮೇಲೆ ಕಾಣುವುದು ಈ ಸಸ್ಯಲೋಕದ ಅರ್ಧ ಮಾತ್ರ. ಅನೇಕ ಗಿಡಗಳು ವರ್ಷದ ಎಂಟೊಂಬತ್ತು ತಿಂಗಳು ಗೆಡ್ಡೆಯಾಗಿ ಮಣ್ಣಿನೊಳಗೇ ಇರುತ್ತವೆ. ಮೊದಲ ಮಳೆಗೆ ಎದ್ದು, ಹೂಬಿಟ್ಟು, ಬೀಜ ಚೆಲ್ಲಿ ಮತ್ತೆ ಮರೆಯಾಗುತ್ತವೆ. ಬೇಸಿಗೆಯಲ್ಲಿ ಬಂದು ‘ಇಲ್ಲೇನೂ ಇಲ್ಲ’ ಎಂದು ವರದಿ ಬರೆಯುವವರ ಕಣ್ಣಿಗೆ ಅವು ಬೀಳುವ ಮಾತೇ ಇಲ್ಲ. ಜೌಗು ಹಿಡಿದ ತಗ್ಗುಗಳಲ್ಲಿ ಡ್ರಾಸಿರಾ ಎಂಬ ಕೀಟಾಹಾರಿ ಗಿಡ ಅಂಟು ಹನಿಗಳನ್ನು ಹೊತ್ತು ಬೆಳೆಯುತ್ತದೆ. ಬೆಂಗಳೂರಿನ ಮಗ್ಗುಲ ಹೆಸರಘಟ್ಟದಲ್ಲೂ ಇದಿದೆ. ಮೃಗಶಿರಾ ಮಳೆಯ ಹೊತ್ತಿಗೆ ಮಖಮಲ್ಲು ಹೊದ್ದಂಥ ಕೆಂಪು ಹುಳುಗಳು ಒದ್ದೆ ಮಣ್ಣಿನ ಮೇಲೆ ಹರಿದಾಡುತ್ತವೆ. ಸಗಣಿಹುಳು ಉಂಡೆ ಕಟ್ಟಿ ಉರುಳಿಸುತ್ತದೆ. ಗೆದ್ದಲು ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದೇ. ದೊಡ್ಡ ಪ್ರಾಣಿಗಳ ಬಗ್ಗೆ ಎಷ್ಟೇ ಬರೆದರೂ, ಈ ಬಯಲಿನಲ್ಲಿ ಮಣ್ಣನ್ನು ತಿರುವಿಹಾಕಿ ಗೊಬ್ಬರ ಮಾಡುವವರಲ್ಲಿ ಮುಖ್ಯರು ಸಗಣಿಹುಳು, ಗೆದ್ದಲು.

ದನಗಾಹಿಗಳ ಐದು ಸಾವಿರ ವರ್ಷ

ಬಳ್ಳಾರಿಯ ಹತ್ತಿರ ಕುಡತಿನಿ, ಸಂಗನಕಲ್ಲು ಮುಂತಾದ ಕಡೆ ಬೂದಿದಿಬ್ಬಗಳಿವೆ. ಬಹುಕಾಲ ಅವು ಏನೆಂದು ತಿಳಿದಿರಲಿಲ್ಲ. ರಾಕ್ಷಸರ ಬೂದಿ ಎಂಬ ಕಥೆಗಳಿದ್ದವು. ನವಶಿಲಾಯುಗದ ಜನ ತಮ್ಮ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಳಿದ ದಿಬ್ಬಗಳಿವು ಎಂದು ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ವಿವರಿಸಿದರು. ಅವರ ಪುಸ್ತಕ ಬಂದದ್ದು 1963ರಲ್ಲಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ ಈ ಚಿತ್ರವನ್ನು ಇನ್ನಷ್ಟು ತುಂಬಿತು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಹೊತ್ತಿಗೇ ಇಲ್ಲಿ ದೊಡ್ಡ ದೊಡ್ಡ ಮಂದೆಗಳಿದ್ದವು. ಮಂದೆಗಳಿದ್ದವೆಂದರೆ ಮೇವು ಇತ್ತು, ಮೇವು ಇತ್ತೆಂದರೆ ಬಯಲಿತ್ತು. ಕುಪ್ಪಗಲ್ಲಿನ ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಹಿಣಿಲು ಹೊತ್ತ ಎತ್ತುಗಳು ಇಂದಿಗೂ ಇವೆ. ಆಮೇಲಿನ ಶತಮಾನಗಳಲ್ಲಿ ತುರುಗೊಳ್ ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಕನ್ನಡ ನಾಡಿನ ಉದ್ದಗಲಕ್ಕೂ ನಿಂತವು. ದನಕ್ಕಾಗಿ ಜೀವ ಕೊಟ್ಟ ನಾಡು ಹುಲ್ಲಿನ ನಾಡಾಗಿರದೆ ಇನ್ನೇನು?

ಮೈಸೂರು ಅರಸರು ಈ ಬಯಲನ್ನು ಆಡಳಿತಕ್ಕೆ ತಂದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಸುಲ್ತಾನ್ ‘ಅಮೃತ್ ಮಹಲ್’ ಎಂದು ಕರೆದ. ಫಿರಂಗಿ ಎಳೆಯುವ, ಸೈನ್ಯದ ಸಾಮಾನು ಹೊರುವ ಎತ್ತುಗಳ ಈ ತಳಿಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಬೇರೆಬೇರೆಯಾಗಿ ಇಟ್ಟಿದ್ದರು. ಮಂದೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದಾಗ ಬಿಟ್ಟುಹೋದ ಕಾವಲಿನ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಹುಲ್ಲುಬಯಲನ್ನು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕ್ರಮವನ್ನು ಇಂದಿನ ವಿಜ್ಞಾನವೂ ಹೇಳಲಾರದು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಈ ಕಾವಲುಗಳಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಪಾಲು.

ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳನ್ನು ಮೇಯಿಸುವ ಕಿಲಾರಿಗೆ ಸಮುದಾಯದಲ್ಲಿ ವಿಶೇಷ ಗೌರವ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ ಹಾಡುವುದು ದನಗಾಹಿ ಬದುಕನ್ನೇ. ಹಾಲುಮತ ಪುರಾಣದಲ್ಲಿ ಕುರಿಗಳು ಹೊರಬರುವುದು ಹುತ್ತದಿಂದ, ಅಂದರೆ ಈ ಬಯಲಿನ ಅತಿ ಸಾಮಾನ್ಯ ಕಟ್ಟಡದಿಂದ. ಕೊಯ್ಲಾದ ಹೊಲದಲ್ಲಿ ಕುರುಬರು ರಾತ್ರಿ ಕುರಿ ತರುಬುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ, ಕಾಳು ಅಥವಾ ಕಾಸು ಕುರಿಗಾರನಿಗೆ. ದಖ್ಖನಿ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಮಗ್ಗಗಳಲ್ಲಿ ಕರಿಕಂಬಳಿ ಆಯಿತು. ಈ ಮಂದೆಗಳ ದಾರಿ, ಕೆರೆಯಂಗಳ, ಗೋಮಾಳ ಎಲ್ಲ ಸೇರಿ ಒಂದು ಜಾಲ. ಅದರ ಒಂದು ಎಳೆ ತುಂಡಾದರೂ ಇಡೀ ಋತುವಿನ ಸಂಚಾರ ತಪ್ಪುತ್ತದೆ.

ಚಿಗರಿ, ತೋಳ, ಮತ್ತು ಇಲ್ಲವಾದ ಸಿವಂಗಿ

ಬಯಲಿನ ಮುಖ್ಯ ಮೇಯುವ ಕಾಡುಪ್ರಾಣಿ ಕೃಷ್ಣಮೃಗ. ಉತ್ತರ ಕರ್ನಾಟಕದ ಬಾಯಲ್ಲಿ ಚಿಗರಿ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸುಗಳಿಗೂ ಅದೇ ಹೆಸರು. ಗಂಡು ವಯಸ್ಸಾದಂತೆ ಕಪ್ಪಾಗುತ್ತದೆ, ಕೊಂಬು ತಿರುಚಿಕೊಂಡು ಬೆಳೆಯುತ್ತದೆ. ಸಂತಾನದ ಕಾಲಕ್ಕೆ ಬಲಿಷ್ಠ ಗಂಡು ತನ್ನದೊಂದು ಗಡಿ ಹಾಕಿ, ಹಿಕ್ಕೆಯ ಗುಡ್ಡೆಗಳಿಂದ ಅದನ್ನು ಗುರುತಿಸಿ ಕಾಯುತ್ತದೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಇಷ್ಟು ಓಟ ಇಂದಿನ ಯಾವ ಶತ್ರುವಿನಿಂದ ತಪ್ಪಿಸಿಕೊಳ್ಳಲೂ ಬೇಕಿಲ್ಲ. ಅದು ಸಿವಂಗಿಯ ನೆನಪು. ಚಿರತೆಯಿಂದ ಬೇರೆಯಾದ ಚೀತಾಕ್ಕೆ ಕನ್ನಡದಲ್ಲಿ ಈ ಹೆಸರಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ದಾಖಲಿಸಿದ್ದಾನೆ. 1952ರಲ್ಲಿ ಭಾರತದಲ್ಲಿ ಅದು ಅಳಿಯಿತೆಂದು ಘೋಷಿಸಲಾಯಿತು. 2022ರಲ್ಲಿ ನಮೀಬಿಯದಿಂದ ತಂದು ಬಿಟ್ಟದ್ದು ಮಧ್ಯಪ್ರದೇಶದ ಕುನೋದಲ್ಲಿ. ದಖ್ಖನ್ನಿನಲ್ಲಿ ಪದ ಉಳಿದಿದೆ, ಪ್ರಾಣಿ ಇಲ್ಲ.

ಕೃಷ್ಣಮೃಗ ಮಾತ್ರ ಸಂರಕ್ಷಣೆಯಿಂದ ಚೇತರಿಸಿಕೊಂಡ ಜೀವಿ. 1974ರಲ್ಲಿ ಆದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತಾರ 119 ಚದರ ಕಿಲೋಮೀಟರ್. ಅಲ್ಲಿ ಇವು ಸಾವಿರಗಳ ಲೆಕ್ಕದಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ, ಬಹಳ ಚಿಕ್ಕದು. ಕೃಷ್ಣಮೃಗದ ದಾಯಾದಿ ಚಿಂಕಾರಕ್ಕೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲೂ ಶಿರಾ ಸೀಮೆಯ ಬುಕ್ಕಾಪಟ್ಟಣದಲ್ಲೂ ಇತ್ತೀಚೆಗೆ ವನ್ಯಜೀವಿಧಾಮಗಳಾಗಿವೆ. ಗಡಿಯಾಚೆಯ ಹೊಲಗಳಲ್ಲಿ ಚಿಗರಿ ಹಿಂಡು ಒಂದೇ ರಾತ್ರಿಯಲ್ಲಿ ಎಳೆಯ ಪೈರನ್ನು ನೆಲಸಮ ಮಾಡುತ್ತದೆ. ಪರಿಹಾರ ಸಕಾಲಕ್ಕೆ ಸಿಗದ ರೈತನ ಸಿಟ್ಟನ್ನು ಪರಿಸರಪ್ರೇಮದ ಮಾತುಗಳಿಂದ ತಣಿಸಲಾಗದು. ಅದು ನ್ಯಾಯವಾದ ಸಿಟ್ಟು.

ಸಿವಂಗಿ ಹೋದ ಮೇಲೆ ಬಯಲಿನ ದೊರೆ ತೋಳ. ಭಾರತದ ತೋಳ ಲೋಕದ ತೋಳಗಳಲ್ಲೇ ಬಹು ಹಿಂದೆ ಕವಲೊಡೆದ ವಂಶವೆಂದು ಇತ್ತೀಚಿನ ತಳಿವಿಜ್ಞಾನ ತೋರಿಸಿದೆ. ದೇಶದಲ್ಲಿ ಒಟ್ಟು ಸುಮಾರು ಮೂರು ಸಾವಿರ ಇವೆ ಎಂಬುದು ಈಗಿನ ಅಂದಾಜು, ಅಂದರೆ ಹುಲಿಯಷ್ಟೇ ವಿರಳ. ಆದರೂ ಹುಲಿಗೆ ಸಿಕ್ಕ ಯೋಜನೆ, ಹಣ, ಹೆಸರು ಇದಕ್ಕೆ ಸಿಗಲಿಲ್ಲ. ಹುಲಿ ಕಾಡಿನಲ್ಲಿದೆ, ಅದಕ್ಕೊಂದು ಗಡಿ ಹಾಕಬಹುದು. ತೋಳ ಇರುವುದು ಕುರಿಮಂದೆಯ ಹಿಂದೆ, ಹೊಲದ ಬದುವಿನಲ್ಲಿ, ಕಲ್ಲುಗುಡ್ಡದ ಪೊಟರೆಯಲ್ಲಿ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ವನ್ಯಜೀವಿಧಾಮ ಆಗಿರುವುದು ಸಂತೋಷದ ಸಂಗತಿ. ಇಡೀ ದೇಶದಲ್ಲಿ ಇದಕ್ಕೆ ಮೊದಲು ಅಂಥದ್ದು ಇದ್ದದ್ದು ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ, 1976ರಿಂದ. ಆದರೆ ಬಂಕಾಪುರದ ವಿಸ್ತಾರ 332 ಎಕರೆ. ಒಂದು ತೋಳದ ಗುಂಪು ನೂರಾರು ಚದರ ಕಿಲೋಮೀಟರ್ ಸುತ್ತುತ್ತದೆ. ಹಾಗಾಗಿ ತೋಳ ಉಳಿಯುವುದು ಬೇಲಿಯೊಳಗಿನ ನೆಲಕ್ಕಿಂತ ಹೆಚ್ಚಾಗಿ ಕುರಿಗಾರನ ತಾಳ್ಮೆಯಿಂದ. ಎತ್ತಿಕೊಂಡು ಹೋದ ಮರಿಯನ್ನು ‘ಅದರ ಪಾಲು’ ಎಂದು ಬಿಟ್ಟುಕೊಡುವವರು ಈಗಲೂ ಇದ್ದಾರೆ. ಗವಿಗೆ ಹೊಗೆ ಹಾಕುವವರೂ ಇದ್ದಾರೆ. ಊರನಾಯಿಗಳ ಹಿಂಡು ಹೆಚ್ಚಿದಲ್ಲೆಲ್ಲ ಡಿಸ್ಟೆಂಪರ್, ಹುಚ್ಚುನಾಯಿ ರೋಗ ತೋಳಕ್ಕೂ ಗುಳ್ಳೆನರಿಗೂ ಅಂಟುತ್ತವೆ. ತೋಳ, ನಾಯಿ ಕೂಡಿ ಹುಟ್ಟಿದ ಸಂಕರ ಮರಿಗಳು ಮಹಾರಾಷ್ಟ್ರದಲ್ಲಿ ತಳಿಪರೀಕ್ಷೆಯಿಂದ ಖಚಿತವಾಗಿವೆ.

ಕತ್ತೆಕಿರುಬ ಗದಗದ ಕಪ್ಪತಗುಡ್ಡದಂಥ ಕಡೆ ಉಳಿದಿದೆ. ಗೆದ್ದಲು ತಿಂದು ಬದುಕುವ ಚಿಪ್ಪುಹಂದಿ ಚಿಪ್ಪಿನ ಕಳ್ಳಸಾಗಣೆಯಿಂದ ಅಳಿವಿನಂಚಿಗೆ ಬಂದಿದೆ. ನಕ್ಷತ್ರ ಆಮೆಯದು ಅದೃಷ್ಟಕ್ಕಾಗಿ ಮನೆಯಲ್ಲಿಟ್ಟುಕೊಳ್ಳುವವರ ಹುಚ್ಚಿಗೆ ಸಿಕ್ಕ ಪಾಡು. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟ್ಸ್ ಒಪ್ಪಂದ ಪೂರ್ತಿ ನಿಷೇಧಿಸಿತು. ಹಂಪಿಯ ಮಗ್ಗುಲ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಆ ಬಂಡೆಗುಡ್ಡಗಳಲ್ಲೇ ಹಳದಿ ಕೊರಳಿನ ಪಿಕಳಾರವೆಂಬ, ದಕ್ಷಿಣ ಭಾರತಕ್ಕೇ ಸೀಮಿತವಾದ ಹಕ್ಕಿಯೂ ಇದೆ.

ಬೀಸಣಿಗೆಯಂತೆ ಗಂಟಲು ಬಿಚ್ಚಿ ನೀಲಿ, ಕಪ್ಪು, ಕಿತ್ತಳೆ ಬಣ್ಣ ತೋರಿಸುವ ಓತಿಗಳದ್ದು ಬೇರೆಯೇ ಕುಲವೆಂದು ಗೊತ್ತಾದದ್ದು 2016ರಲ್ಲಿ; ‘ಸರಡ’ ಎಂದು ಅದಕ್ಕೆ ಹೆಸರಿಟ್ಟರು. ಅವುಗಳಲ್ಲೊಂದನ್ನು ಸಾತಾರಾ ಬಳಿಯ ಚಾಳಕೇವಾಡಿಯ ಕಲ್ಲುಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ತಂಡ ಅಧ್ಯಯನ ಮಾಡಿತು. ಗಾಳಿಯಂತ್ರ ನಿಂತ ಕಡೆ ಬೇಟೆಹಕ್ಕಿಗಳು ಕಡಿಮೆಯಾಗಿದ್ದವು, ಓತಿಗಳು ಹೆಚ್ಚಿದ್ದವು, ಅವುಗಳ ಬಣ್ಣ ಮಾತ್ರ ಮಂಕಾಗಿತ್ತು. ಮೇಲೆ ಹಾರುವ ಹದ್ದು ಇಲ್ಲವಾದದ್ದು ಕೆಳಗೆ ಓತಿಯ ಕೊರಳಿನ ಬಣ್ಣದಲ್ಲಿ ಕಾಣಿಸಿಕೊಂಡಿತು.

ಎರೆಭೂತ

ಬಯಲಿನ ಹಕ್ಕಿಗಳು ನೆಲವನ್ನೇ ನಂಬಿದವು. ಬೂದುತಲೆಯ ನೆಲಗುಬ್ಬಿ ದನದ ಗೊರಸು ಮೂಡಿಸಿದ ಗುಳಿಯಲ್ಲಿ ಗೂಡು ಮಾಡುವುದುಂಟು. ಸ್ಯಾಂಡ್‌ಗ್ರೌಸ್ ಗಂಡು ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಹಾರಿಹೋಗಿ ಮರಿಗಳಿಗೆ ಕುಡಿಸುತ್ತದೆ. ಚಳಿಗಾಲಕ್ಕೆ ಮಧ್ಯ ಏಷ್ಯದಿಂದ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಹುಲ್ಲಿನ ನಡುವೆಯೇ ಗುಂಪಾಗಿ ಮಲಗುತ್ತವೆ. ಇವೆಲ್ಲಕ್ಕೂ ಮರ ಬೇಡ, ದೂರದೂರಕ್ಕೆ ಕಾಣುವ ಬಯಲು ಬೇಕು.

ಈ ಗುಂಪಿನ ಹಿರಿಯ ಎರೆಭೂತ; ಎರ್ಲಡ್ಡು, ದೊರೆವಾಯನ ಹಕ್ಕಿ ಎಂದೂ ಹೆಸರು. ಮೀಟರ್ ಎತ್ತರ, ಗಂಡಿಗೆ 15 ಕಿಲೋ ತನಕ ತೂಕ. ಹಾರಬಲ್ಲ ಅತಿ ಭಾರದ ಹಕ್ಕಿಗಳಲ್ಲಿ ಒಂದು. ಗಂಡು ಕೊರಳಿನ ಚೀಲವನ್ನು ಮೊಣಕಾಲ ತನಕ ಇಳಿಬಿಟ್ಟು, ಬಾಲ ಎತ್ತಿ, ಆಳದಿಂದ ಹೊರಡಿಸುವ ಹೂಂಕಾರ ಬಹುದೂರ ಕೇಳಿಸುತ್ತದೆ. ಎರೆನೆಲದಲ್ಲಿ ಮುಸ್ಸಂಜೆ ಆ ದನಿ ಕೇಳಿದವರು ಭೂತವೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಿಡತೆ, ಜೀರುಂಡೆ, ಓತಿ, ಬಾರಿಹಣ್ಣು, ಕಾಳು ಎಲ್ಲವನ್ನೂ ತಿನ್ನುತ್ತದೆ. ರಾಷ್ಟ್ರಪಕ್ಷಿ ಆಯ್ಕೆಯಾಗುವಾಗ ಸಲೀಂ ಅಲಿ ಇದರ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಎರೆಭೂತಗಳ ಸಂಖ್ಯೆ 150ಕ್ಕಿಂತ ಕಡಿಮೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತ. 2011ರಿಂದ ಐಯುಸಿಎನ್ ಪಟ್ಟಿಯಲ್ಲಿ ಇದು ಅತಿ ಗಂಡಾಂತರದಲ್ಲಿರುವ ಜೀವಿ. ಬೇಟೆ ಮೊದಲ ಕಾರಣವಾಗಿತ್ತು. ನಂತರ ನೀರಾವರಿ, ಗಣಿ, ರಸ್ತೆ. ಈಗ ವಿದ್ಯುತ್ ತಂತಿ. ಇದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಮುಂದಿನ ನೋಟ ಕಿರಿದು. ತಂತಿ ಕಣ್ಣಿಗೆ ಬಿದ್ದಾಗ ಇಷ್ಟು ಭಾರದ ಮೈಯನ್ನು ತಿರುಗಿಸಲು ಹೊತ್ತಿರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿಗೆ ಹಾಕಲು ಆದೇಶಿಸಿತು. 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಒಂದು ಕಡೆ ಸೌರ, ಪವನ ವಿದ್ಯುತ್ತಿನ ಅಗತ್ಯ, ಇನ್ನೊಂದು ಕಡೆ ಈ ಹಕ್ಕಿ. ಎರಡೂ ಬೇಕು. ಆದರೆ ಸ್ಥಾವರಕ್ಕೆ ಜಾಗ ಹುಡುಕುವಾಗ ‘ಖಾಲಿ ಜಾಗ’ ಎಂದು ನಕಾಶೆ ತೋರಿಸುವುದು ಪ್ರತಿಸಲವೂ ಹಕ್ಕಿಯ ನೆಲವನ್ನೇ.

ಕರ್ನಾಟಕದ ಕಥೆ ಇನ್ನಷ್ಟು ನೋವಿನದು. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ 1980ರ ದಶಕದಲ್ಲಿ ಎರೆಭೂತಗಳಿದ್ದವು. ಅಲ್ಲಿ ಅವುಗಳನ್ನು ಓಡಿಸಿದ್ದರಲ್ಲಿ ಕೋವಿಗಿಂತ ಸಸಿಯ ಪಾಲು ದೊಡ್ಡದು. ಬಯಲೆಂದರೆ ಬರಡು, ಬರಡೆಂದರೆ ಗಿಡ ನೆಡಬೇಕು ಎಂಬ ಒಳ್ಳೆಯ ಮನಸ್ಸಿನ ನಂಬಿಕೆಯಿಂದ ನೆಟ್ಟ ನೀಲಗಿರಿ ತೋಪುಗಳು ಎತ್ತರಕ್ಕೆ ಬೆಳೆದವು, ನೋಟ ಮುಚ್ಚಿತು, ಬುಡದಲ್ಲಿ ಹುಲ್ಲು ಸತ್ತಿತು. ಹಕ್ಕಿ ಕಾಣದಾಯಿತು. ರಕ್ಷಣೆಯ ಹೆಸರಿನ ನೆಲದಲ್ಲೇ, ರಕ್ಷಣೆ ಎಂದುಕೊಂಡು ಮಾಡಿದ ಕೆಲಸದಿಂದಲೇ ಹೀಗಾಯಿತೆಂಬುದನ್ನು ಮರೆಯಬಾರದು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ 2006ರ ಸುಮಾರಿಗೆ ಹೊಲಗಳ ನಡುವೆ ಕೆಲವು ಎರೆಭೂತಗಳು ಕಂಡವು. ತುಂಗಭದ್ರಾ ಕಾಲುವೆಯಿಂದ ಭತ್ತದ ಕಣಜವಾದ ತಾಲ್ಲೂಕಿದು. ಹಕ್ಕಿ ಇದ್ದದ್ದು ಕಾಲುವೆಯ ನೀರು ಏರದ ಎರೆಹೊಲಗಳಲ್ಲಿ. ಜೋಳ, ಕಡಲೆ ಬೆಳೆದು ಉಳಿದ ಕಾಲ ಬೀಳು ಬಿಡುವ ಹಳೆಯ ಬೇಸಾಯ ಅದಕ್ಕೆ ಹುಲ್ಲುಬಯಲಿನಂತೆಯೇ ಒಗ್ಗುತ್ತದೆ.

ಲೆಸ್ಸರ್ ಫ್ಲೋರಿಕನ್ ಎರೆಭೂತದ ಸಣ್ಣ ನೆಂಟ. ಮಳೆಗಾಲದಲ್ಲಿ ಹುಲ್ಲಿನ ಮೇಲಕ್ಕೆ ಮತ್ತೆ ಮತ್ತೆ ನೆಗೆದು ಹೆಣ್ಣನ್ನು ಕರೆಯುವ ಹಕ್ಕಿ, ಇದೂ ಅತಿ ಗಂಡಾಂತರದ ಪಟ್ಟಿ ಸೇರಿದೆ. ಕಡಪದ ಕುರುಚಲಿನ ಜೆರ್ಡನ್ಸ್ ಕೋರ್ಸರ್ 1900ರ ನಂತರ ಕಾಣದೆ, ಅಳಿದೇಹೋಯಿತೆಂದು ಎಲ್ಲರೂ ನಂಬಿದ್ದಾಗ 1986ರಲ್ಲಿ ಮತ್ತೆ ಸಿಕ್ಕಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನು ಗುರುತಿಸಿದ್ದು ಆ ಊರಿನ ಹಕ್ಕಿ ಹಿಡಿಯುವವರ ನೆರವಿನಿಂದ.

ಬಯಲನ್ನು ತಿನ್ನುತ್ತಿರುವುದು

1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರನೇ ಒಂದು ಭಾಗ ಮರದ ಹೊದಿಕೆಯಡಿ ಇರಬೇಕೆಂದಿತು. ಗುರಿ ಮುಟ್ಟಲು ಸುಲಭವಾಗಿ ಸಿಕ್ಕಿದ್ದು ಹುಲ್ಲುಬಯಲು. ಹೊಲದ ಬೆಲೆ ದೊಡ್ಡದು, ಕಾಡಿನಲ್ಲಿ ಜಾಗವಿಲ್ಲ, ಗೋಮಾಳಕ್ಕೆ ಕೇಳುವವರಿಲ್ಲ. ಅಣೆಕಟ್ಟಿನಲ್ಲಿ ಮುಳುಗಿದ, ಗಣಿಗೆ ಬಲಿಯಾದ ಕಾಡಿಗೆ ಬದಲಾಗಿ ನೆಡುವ ಪರಿಹಾರ ಅರಣ್ಯವೂ ಹಲವೆಡೆ ಇಲ್ಲಿಗೇ ಬಂತು. ಇಂಗಾಲ ಹೀರುವ ಲೆಕ್ಕವನ್ನು ಮುಂದೆ ಮಾಡುವವರಿಗೆ ಒಂದು ಮಾತು ಹೇಳಬೇಕು: ಹುಲ್ಲುಬಯಲಿನ ಇಂಗಾಲ ಹೆಚ್ಚಿನದು ಮಣ್ಣಿನಲ್ಲಿ, ಬೇರಿನಲ್ಲಿದೆ. ಅಲ್ಲಿ ಅದಕ್ಕೆ ಬೆಂಕಿಯ ಭಯವಿಲ್ಲ, ಬರದ ಭಯವೂ ಕಡಿಮೆ. ಗುಂಡಿ ತೋಡಿ ಸಸಿ ನೆಡುವಾಗ ಕದಡುವುದು ಆ ಮಣ್ಣನ್ನೇ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದು ಅಂತರ್ಜಲದ ಚಿಂತೆಯಿಂದ ಬಂದ ಆದೇಶ, ಹುಲ್ಲಿನ ಮೇಲಿನ ಕಾಳಜಿಯಿಂದಲ್ಲ.

ಬಳ್ಳಾರಿ ಜಾಲಿಯದು ಮತ್ತೊಂದು ಬಗೆ. ಅಮೆರಿಕ ಖಂಡದ ಈ ಮುಳ್ಳುಮರವನ್ನು 1870ರ ದಶಕದಲ್ಲಿ, ದೊಡ್ಡ ಬರದ ಆಸುಪಾಸಿನಲ್ಲಿ, ಸೌದೆಗಾಗಿ ತರಲಾಯಿತು. ಬಡವರ ಒಲೆ ಉರಿಸಿದ್ದು ನಿಜ. ಆದರೆ ಇದರ ಸಿಹಿಕಾಯಿ ತಿಂದ ಕುರಿ, ಆಡು, ಚಿಗರಿ ಹೋದಲ್ಲೆಲ್ಲ ಬೀಜ ಬಿತ್ತಿದವು. ಕೆರೆಯಂಗಳ, ಹಳ್ಳ, ಗೋಮಾಳ ಮುಳ್ಳಿನ ಗೋಡೆಯಾದವು. ಅದನ್ನು ಬುಡಸಮೇತ ಕೀಳದೆ ಕಡಿದರೆ ಇಮ್ಮಡಿಯಾಗಿ ಚಿಗುರುತ್ತದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ 2007ರ ನಂತರದ ವರ್ಷಗಳಲ್ಲಿ ರಕ್ಷಣೆ, ಬಾಹ್ಯಾಕಾಶ, ಪರಮಾಣು, ವಿಜ್ಞಾನ ಸಂಶೋಧನಾ ಸಂಸ್ಥೆಗಳ ಪಾಲಾಯಿತು. ಸುತ್ತಲ ಹಳ್ಳಿಗಳ ಕುರಿಗಾರರು, ಕಂಬಳಿ ನೇಯುವವರು ಗೋಡೆಯ ಹೊರಗೆ ಉಳಿದರು. ವಿವಾದ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟ್ ಸೌರ ಉದ್ಯಾನ ಎದ್ದಿದೆ. ಅಲ್ಲಿ ಭೂಮಿ ಕೊಟ್ಟ ರೈತರಿಗೆ ಗುತ್ತಿಗೆ ಹಣ ಬರುತ್ತದೆ. ಭೂಮಿ ಇಲ್ಲದೆ ಆ ಬೀಳುಗಳಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನೂ ಬರುವುದಿಲ್ಲ, ಏಕೆಂದರೆ ಮೇಯಿಸುವ ರೂಢಿಗೆ ಪಹಣಿ ಇಲ್ಲ.

ಈಗ ನಡೆದಿರುವುದು

ಬೆಂಗಳೂರಿನ ಆಟ್ರೀ ಸಂಸ್ಥೆಯ ಅಬಿ ವನಕ್, ಸಂರಕ್ಷಣಾ ವಿಜ್ಞಾನಿ ಎಂ. ಡಿ. ಮಧುಸೂದನ್ ಇಬ್ಬರೂ ಉಪಗ್ರಹ ಚಿತ್ರಗಳಿಂದ ದೇಶದ ಒಣಬಯಲುಗಳ ನಕ್ಷೆ ಮಾಡಿದರು. ಭಾರತದ ಭೂಭಾಗದ ಸುಮಾರು ಹತ್ತರಲ್ಲೊಂದು ಪಾಲು ಇವು. ಸಂರಕ್ಷಿತ ಪ್ರದೇಶಗಳ ಒಳಗಿರುವುದು ಅದರಲ್ಲಿ ಶೇ. 5ಕ್ಕೂ ಕಡಿಮೆ. ಪಾಳು ಎಂಬ ಒಂದೇ ಪದದಡಿ ಹೂತುಹೋಗಿದ್ದ ನೆಲಕ್ಕೆ ಕೊನೆಗೂ ಒಂದು ಆಕಾರ ಸಿಕ್ಕಿತು. ಹೆಸರಘಟ್ಟದ ಹುಲ್ಲುಗಾವಲು, ಚಿತ್ರನಗರಿಯ ಪ್ರಸ್ತಾಪವನ್ನೂ ಎದುರಿಸಿ, ವರ್ಷಗಳ ಹೋರಾಟದ ಮೇಲೆ ಸಂರಕ್ಷಣಾ ಮೀಸಲಿನ ದಾರಿ ಹಿಡಿಯಿತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಜೈಸಲ್ಮೇರ್‌ನ ಸಮ್‌ನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ 2019ರಿಂದ ಎರೆಭೂತದ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡುತ್ತಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಅಲ್ಲಿ ಹುಟ್ಟಿದ ಹಕ್ಕಿಗಳನ್ನು ಮುಂದೆ ಬಯಲಿಗೆ ಬಿಡಬೇಕು. ಸಿರುಗುಪ್ಪದಂಥ ನೆಲ ಅದಕ್ಕೆ ತಯಾರಾಗಬೇಕಾದರೆ ಬೇಕಾದ್ದು ಬಹಳಿಲ್ಲ: ಹಕ್ಕಿ ಹಾರುವ ದಾರಿಯಲ್ಲಿ ತಂತಿ ಇಲ್ಲದಿರುವುದು, ಮೊಟ್ಟೆಯ ಹತ್ತಿರ ನಾಯಿ ಬರದಿರುವುದು, ಹೊಲವನ್ನು ಮಳೆಯಾಶ್ರಯದಲ್ಲೇ ಉಳಿಸಿಕೊಳ್ಳುವ ರೈತನಿಗೆ ಅದರಿಂದ ಆಗುವ ನಷ್ಟ ತುಂಬಿಕೊಡುವುದು, ಮತ್ತು ಪಕ್ಕದ ಗೋಮಾಳದಲ್ಲಿ ಯಾರೂ ಸಸಿ ನೆಡದಿರುವುದು.